ನಾನೊಬ್ಬನು ಉಳಿಸಿದರೆ ಏನು ಪ್ರಯೋಜನ?

ಮನುಷ್ಯನ ಮನಸ್ಸಾಕ್ಷಿಯನ್ನು ಮಲಗಿಸುವ ಮಾತುಗಳು ಅನೇಕ. ಅವುಗಳಲ್ಲಿ ಒಂದು ಈ ದಿವಸಗಳಲ್ಲಿ ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ಬಹಳವಾಗಿ ಕೇಳಿಬರುತ್ತದೆ. ಅದೇನಂದರೆ, "ನಾನೊಬ್ಬನು ಉಳಿಸಿದರೆ ಏನು ಪ್ರಯೋಜನ?" ಎಂಬದೇ. ನೀರನ್ನು ಮಿತವಾಗಿ ಬಳಸಿರಿ, ಪ್ಲಾಸ್ಟಿಕನ್ನು ಸುಡಬೇಡಿರಿ, ಮರವನ್ನು ಕಡಿಯಬೇಡಿರಿ ಎಂದು ಯಾರಾದರೂ ಹೇಳಿದ ಕೂಡಲೆ ಈ ಪ್ರಶ್ನೆಯು ಎದ್ದುಬರುವದು. ಇದು ಸೋಮಾರಿಗಳ ನೆಪ ಮಾತ್ರವಾಗಿದ್ದರೆ ಅದಕ್ಕೆ ಉತ್ತರ ಕೊಡುವ ಅವಶ್ಯವಿರಲಿಲ್ಲ. ಆದರೆ ದುಡಿದು ಉಣ್ಣುವವರೂ ಯೋಚಿಸಿ ಮಾತಾಡುವವರೂ ಇದನ್ನು ಕೇಳುತ್ತಾರೆ. ಆದಕಾರಣ ಇದನ್ನು ತಳ್ಳಿಬಿಡದೆ ತೂಗಿ ನೋಡುವದು ಯುಕ್ತವೆಂದು ನಮಗೆ ತೋರುತ್ತದೆ.

ಈ ವಿಚಾರವು ನಮ್ಮಲ್ಲಿ ಹುಟ್ಟಿದ ಬಗೆಯನ್ನು ಮೊದಲು ಹೇಳುವೆವು. ಹೇಳುವದರಲ್ಲಿ ನಮಗೆ ನಾಚಿಕೆಯೂ ಉಂಟು. ಒಂದು ವರುಷ ನಮ್ಮ ಊರಿನ ಸುಗ್ಗಿಯ ಕೂಟದಲ್ಲಿ ನಾವು ಜನರ ಮುಂದೆ ನಿಂತು ಪ್ಲಾಸ್ಟಿಕಿನ ಕೇಡನ್ನು ಕುರಿತು ಬಹು ಹೊತ್ತು ಮಾತಾಡಿದೆವು. ಮಾತು ಮುಗಿದ ಮೇಲೆ ಊಟವಾಯಿತು. ಸುಮಾರು ಮುನ್ನೂರು ಮಂದಿ ಉಂಡರು. ತಟ್ಟೆಗಳೂ ಲೋಟಗಳೂ ಸಂತೆಯಿಂದ ತಂದ ಪ್ಲಾಸ್ಟಿಕಿನವೇ. ತೊಳೆಯುವ ಕಷ್ಟವಿಲ್ಲವೆಂದು ಅವನ್ನು ತರಿಸಿದವರು ನಾವೇ. ಸಾಯಂಕಾಲ ಅವೆಲ್ಲಾ ರಾಶಿಯಾಗಿ ಬಿದ್ದಿದ್ದವು. ಅವನ್ನು ಕುಣಿಗೆ ಹಾಕಿ ಬೆಂಕಿಯಿಡಬೇಕೆಂದು ಒಬ್ಬ ಮುದುಕನಿಗೆ ಹೇಳಿದೆವು. ಕರೀ ಹೊಗೆಯು ಎದ್ದು ಪಕ್ಕದ ಮನೆಯ ಬಾಗಿಲಿಗೆ ನುಗ್ಗಿತು. ಒಬ್ಬ ತಾಯಿ ಕೂಸಿನ ಮುಖಕ್ಕೆ ಸೆರಗು ಮುಚ್ಚಿಕೊಂಡು ಆಚೆಯ ಬೀದಿಗೆ ಓಡಿದಳು.

ಕೆಲವು ದಿವಸಗಳಾದ ಮೇಲೆ ಆ ಮುದುಕನು ತನ್ನ ಹಿತ್ತಲಲ್ಲಿ ಚೀಲಗಳನ್ನು ಸುಡುತ್ತಿರುವದನ್ನು ಕಂಡು, "ತಾತಾ, ಇದನ್ನು ಸುಡಬಾರದೆಂದು ಹೇಳಿದ್ದೆವಲ್ಲಾ" ಎಂದೆವು. ಅವನು ಕೋಲಿನಿಂದ ಬೆಂಕಿಯನ್ನು ಕೆದಕುತ್ತಾ, "ಹೌದು ಅಯ್ಯನವರೇ, ಹೇಳಿದಿರಿ. ಆ ದಿವಸ ಸುಟ್ಟವನೂ ನಾನೇ. ನಾನು ಈ ಎರಡು ಚೀಲಗಳನ್ನು ಸುಡದೆ ಬಿಟ್ಟರೆ ಲೋಕ ಉಳಿದೀತೋ? ಪಟ್ಟಣದವರು ವಾಹನ ತೊಳೆಯುವ ನೀರು ನಮ್ಮ ಮನೆಗೆ ಕುಡಿಯುವದಕ್ಕಿಲ್ಲ. ನಾನೊಬ್ಬನು ಉಳಿಸಿದರೆ ಏನು ಪ್ರಯೋಜನ?" ಅಂದನು. ಆ ಹೊತ್ತು ನಮ್ಮ ಬಾಯಲ್ಲಿ ಉತ್ತರವಿರಲಿಲ್ಲ. ಉತ್ತರವಿದ್ದರೂ ಅದನ್ನು ಹೇಳುವ ಯೋಗ್ಯತೆ ಇರಲಿಲ್ಲ.

ಮುದುಕನ ಮಾತಿನಲ್ಲಿರುವ ಸತ್ಯವನ್ನು ಮೊದಲು ಒಪ್ಪಿಕೊಳ್ಳತಕ್ಕದ್ದು. ಎರಡು ಕೊಡ ನೀರಿನಲ್ಲಿ ದಿನ ಕಳೆಯುವವನಿಗೆ ನೀರಿನ ಮಿತವನ್ನು ಬೋಧಿಸುವದು ಹಸಿದವನಿಗೆ ಉಪವಾಸವನ್ನು ಕಲಿಸಿದ ಹಾಗೆ. ನಮ್ಮ ಹಳ್ಳಿಗಳ ಬಡವರು ಅನೇಕ ಸಂಗತಿಗಳಲ್ಲಿ ಲೋಕಕ್ಕೆ ಸಾಲಗಾರರಲ್ಲ. ಹರಿದ ಸೀರೆಯು ಕೌದಿಯಾಗುವದು, ಮುರಿದ ಕುಳವು ಕುಲುಮೆಗೆ ಹೋಗುವದು, ಮುಸುರೆಯು ಎಮ್ಮೆಗೆ ಸೇರುವದು. ಭೂಮಿಯ ಕೇಡಿನಲ್ಲಿ ಹೆಚ್ಚಿನ ಪಾಲು ಹೆಚ್ಚು ಬಳಸುವವರದೇ. ಇದನ್ನು ಮರೆಮಾಡಿ ಎಲ್ಲರ ಮೇಲೆಯೂ ಸಮವಾದ ತಪ್ಪು ಹೊರಿಸುವ ಬೋಧನೆಯು ನ್ಯಾಯವಾದ ಬೋಧನೆಯಲ್ಲ.

ಆದರೆ ಆ ಪ್ರಶ್ನೆಯಲ್ಲಿ ಒಂದು ವಕ್ರತೆಯೂ ಉಂಟು. ಸಂತೆಯಲ್ಲಿ ಹತ್ತು ಮಂದಿ ವರ್ತಕರು ಕಳ್ಳ ತೂಕವನ್ನು ಇಟ್ಟುಕೊಂಡಿದ್ದಾರೆಂದು ತಿಳಿಯೋಣ. ಹನ್ನೊಂದನೆಯವನು, "ನಾನೊಬ್ಬನು ಸರಿಯಾಗಿ ತೂಗಿದರೆ ಸಂತೆ ಶುದ್ಧವಾದೀತೋ?" ಎಂದು ಕೇಳಿದರೆ ನಾವು ಅವನನ್ನು ಬುದ್ಧಿವಂತನೆಂದು ಹೊಗಳುವೆವೋ? ಸಂತೆ ಶುದ್ಧವಾಗಲಿ ಬಿಡಲಿ, ನಿನ್ನ ಮುಂದೆ ಸೆರಗು ಒಡ್ಡಿ ನಿಂತ ಹೆಂಗಸಿಗೆ ಸೇರು ತುಂಬ ಅಳೆದು ಕೊಡು ಎಂದು ಹೇಳುವೆವು. ತೂಕದ ವಿಷಯದಲ್ಲಿ ಕೇಳದ ಪ್ರಶ್ನೆಯನ್ನು ನೀರು, ಮಣ್ಣು, ಗಾಳಿಗಳ ವಿಷಯದಲ್ಲಿ ಮಾತ್ರ ಕೇಳುವದು ಯಾಕೆ? ಕಾರಣವು ಇದೇ: ಸಂತೆಯಲ್ಲಿ ಮೋಸಹೋಗುವವಳ ಮುಖವು ನಮಗೆ ಕಾಣುತ್ತದೆ. ಇಲ್ಲಿ ಮೋಸಹೋಗುವವರು ಕಾಣುವದಿಲ್ಲ. ಕೆಳಗಿನ ಊರಿನವನು, ಪಕ್ಕದ ಮನೆಯ ಕೂಸು, ಇನ್ನೂ ಹುಟ್ಟದ ಮೊಮ್ಮಗನು, ಇವರಲ್ಲಿ ಒಬ್ಬನೂ ನಮ್ಮ ಅಂಗಡಿಯ ಮುಂದೆ ಬಂದು ನಿಲ್ಲುವದಿಲ್ಲ. ನಾವಾದರೋ ಭೂಮಿಗೆ ಒಡೆಯರಲ್ಲ, ಸ್ವಲ್ಪ ಕಾಲದ ಪಾರುಪತ್ಯಗಾರರು. ಪಾರುಪತ್ಯಗಾರನು ಪಕ್ಕದವನ ಲೆಕ್ಕವನ್ನು ತೋರಿಸಿ ತನ್ನ ಲೆಕ್ಕವನ್ನು ತೀರಿಸಲಾರನು.

ಇಷ್ಟರಿಂದಲೇ ಮುದುಕನಿಗೆ ಉತ್ತರವಾಯಿತೆಂದು ನಾವು ಹೇಳುವದಿಲ್ಲ. ಅವನು ಪ್ರಯೋಜನವನ್ನು ಕೇಳಿದನು. ಅದಕ್ಕೂ ಉತ್ತರವು ಸಲ್ಲಬೇಕು. ಯೋಚಿಸಿ ನೋಡುವಾಗ ಈ ಕೇಡುಗಳು ಒಂದೇ ಜಾತಿಯವಲ್ಲ, ಮೂರು ವಿಧದವು ಎಂದು ಕಾಣುತ್ತದೆ. ಕೆಲವು ಮನೆಯ ಕೈಯಲ್ಲಿವೆ, ಕೆಲವು ಊರಿನ ಕೈಯಲ್ಲಿವೆ, ಕೆಲವು ಅಧಿಕಾರಿಗಳ ಕೈಯಲ್ಲಿವೆ. ಒಂದರ ಮದ್ದನ್ನು ಮತ್ತೊಂದಕ್ಕೆ ಕೊಡುವದರಿಂದಲೇ ಗಲಿಬಿಲಿಯಾಗುತ್ತದೆ.

ಮೊದಲನೆಯದು, ಮನೆಯ ಕೈಯಲ್ಲಿರುವವು. ಇವುಗಳಲ್ಲಿ ಒಬ್ಬನು ಮಾಡಿದರೆ ಒಬ್ಬನಿಗೆ ಪ್ರಯೋಜನ, ಮತ್ತೊಬ್ಬರನ್ನು ಕಾಯಬೇಕಾದದ್ದಿಲ್ಲ. ಪ್ಲಾಸ್ಟಿಕಿನ ಬೆಂಕಿಯನ್ನೇ ನೋಡಿರಿ. ಕೊಳವೆ, ತಂತಿಯ ಹೊದಿಕೆ, ಕೆಲವು ಹಾಳೆಗಳು ಮುಂತಾದ ಕ್ಲೋರಿನ್ ಸೇರಿದ ಪ್ಲಾಸ್ಟಿಕನ್ನು ಕುಣಿಯಲ್ಲಿ ಸುಟ್ಟರೆ ಡಯಾಕ್ಸಿನ್ ಎಂಬ ವಿಷಗಳು ಹುಟ್ಟುತ್ತವೆ. ಅವು ಹೊಗೆಯೊಂದಿಗೆ ಹೋಗಿ ಹುಲ್ಲಿನ ಮೇಲೆ ಕೂತುಕೊಳ್ಳುವವು. ಹುಲ್ಲನ್ನು ತಿಂದ ಹಸುವಿನ ಕೊಬ್ಬಿನಲ್ಲಿ ನಿಂತು ಹಾಲಿನ ಮೂಲಕ ನಮ್ಮ ಮಕ್ಕಳ ಹೊಟ್ಟೆಗೆ ಬರುವವು. ಹಾಗಾದರೆ ಮುದುಕನು ಸುಡದೆ ಬಿಟ್ಟ ಎರಡು ಚೀಲಗಳಿಂದ ಲೋಕವು ಉಳಿಯದಿದ್ದರೂ ಅವನ ಹಿತ್ತಲ ಗಾಳಿಯು ಉಳಿಯುವದು. ಆ ಗಾಳಿಯನ್ನು ಉಸಿರಾಡುವವರು ಅವನ ಮೊಮ್ಮಕ್ಕಳೇ.

ಒಲೆಯ ಹೊಗೆಯೂ ಹೀಗೆಯೇ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಬಿಸಿಯ ಹತ್ತು ಪಾಲಿನಲ್ಲಿ ಒಂದು ಪಾಲೋ ಒಂದೂವರೆ ಪಾಲೋ ಪಾತ್ರೆಗೆ ಸೇರುವದು. ಉಳಿದದ್ದು ಗೋಡೆಗೂ ಗಾಳಿಗೂ ಹೋಗುವದು, ಹೊಗೆಯು ಹೆಂಗಸಿನ ಎದೆಗೆ ಹೋಗುವದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಹಳ್ಳಿಯ ಕೆಲಸಕ್ಕೆಂದು 'ಅಸ್ತ್ರ' ಎಂಬ ವಿಭಾಗವು ಆರಂಭವಾಯಿತು. ಅಲ್ಲಿಯವರು ರೂಪಿಸಿದ ಒಲೆಯೇ ನಮ್ಮ ಹೆಂಗಸರು ಬಲ್ಲ ಅಸ್ತ್ರ ಒಲೆ. ಅದರ ಗುಟ್ಟು ದೊಡ್ಡದಲ್ಲ. ಬೆಂಕಿಯನ್ನು ಮುಚ್ಚಿದ ಗೂಡಿನಲ್ಲಿಟ್ಟು, ಕೆಳಗೆ ಕಬ್ಬಿಣದ ಜಾಲರಿಯ ಮೂಲಕ ಬೇಕಾದಷ್ಟೇ ಗಾಳಿಯನ್ನು ಬಿಟ್ಟು, ಬಿಸಿಯನ್ನು ಒಂದರ ಹಿಂದೆ ಒಂದಾಗಿ ಪಾತ್ರೆಗಳ ಕೆಳಗೆ ಹರಿಸಿ, ಕಡೆಗೆ ಹೊಗೆಯನ್ನು ಕೊಳವೆಯಿಂದ ಮಾಡಿನ ಮೇಲಕ್ಕೆ ಕಳುಹಿಸುವದು. ಸೌದೆ ಕಡಿಮೆ, ಹೊಗೆ ಕಡಿಮೆ. ಆದರೆ ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಒಲೆಯು ಮುನಿಯುವದೆಂಬದನ್ನೂ ಹೇಳಬೇಕು. ಅನಿಲದ ಒಲೆ ಇದ್ದವರು ಅದನ್ನು ಮೂಲೆಗಿಡದೆ ಬಳಸುವದು ಇನ್ನೂ ಒಳ್ಳೆಯದು.

ಮಳೆಯ ನೀರಿನ ಲೆಕ್ಕವನ್ನೂ ಮಾಡೋಣ. ಒಂದು ಚದರ ಮೀಟರು ಮಾಡಿನ ಮೇಲೆ ಒಂದು ಮಿಲ್ಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಐವತ್ತು ಚದರ ಮೀಟರಿನ ಮಾಡು, ವರುಷಕ್ಕೆ 600 ಮಿಲ್ಲಿಮೀಟರು ಮಳೆ ಎಂದರೆ 30,000 ಲೀಟರು. ಐದರಲ್ಲಿ ಒಂದು ಪಾಲು ನಷ್ಟವೆಂದು ಕಳೆದರೂ 24,000 ಉಳಿಯಿತು. ಕುಡಿಯುವದಕ್ಕೂ ಅಡಿಗೆಗೂ ಐದು ಮಂದಿಗೆ ದಿನಕ್ಕೆ 50 ಲೀಟರು ಹಿಡಿದರೆ ಇದು 480 ದಿವಸಗಳಿಗೆ ಸಾಕು. ಅಷ್ಟನ್ನು ಹಿಡಿಯುವ ತೊಟ್ಟಿಯು ಎಲ್ಲರಿಗೂ ಆಗದು. ಆದರೆ ಚಿಕ್ಕ ತೊಟ್ಟಿಯಿಂದ ಕೆಲವು ತಿಂಗಳಾದರೂ ಕಳೆಯುವದು. ನಮ್ಮ ಬಯಲುಸೀಮೆಯ ಅನೇಕ ಆಳ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಂಬ ಲವಣವು ಲೀಟರಿಗೆ 1.5 ಮಿಲ್ಲಿಗ್ರಾಮಿನ ಮಿತಿಯನ್ನು ಮೀರಿದೆ. ಅದು ಮಕ್ಕಳ ಹಲ್ಲನ್ನು ಕಂದಿಸಿ, ವರುಷಗಳ ಮೇಲೆ ಎಲುಬನ್ನು ಬಗ್ಗಿಸುವದು. ಮಳೆಯ ನೀರಿನಲ್ಲಿ ಆ ಕೇಡಿಲ್ಲ. ಮೊದಲ ಮಳೆಯನ್ನು ಹೊರಗೆ ಬಿಟ್ಟು, ತೊಟ್ಟಿಗೆ ಬೆಳಕೂ ಸೊಳ್ಳೆಯೂ ಹೋಗದಂತೆ ಮುಚ್ಚಿಡಬೇಕು. ಇಂಥವುಗಳಲ್ಲಿ "ನಾನೊಬ್ಬನು" ಎಂಬ ಮಾತಿಗೆ ಎಡೆಯೇ ಇಲ್ಲ.

ಎರಡನೆಯದು, ಊರಿನ ಕೈಯಲ್ಲಿರುವವು. ಇಲ್ಲಿ ಮುದುಕನ ಪ್ರಶ್ನೆಗೆ ಬಲ ಹೆಚ್ಚು. ಕೊಳವೆ ಬಾವಿಯನ್ನು ತೆಗೆದುಕೊಳ್ಳಿರಿ. ನೆಲದ ಕೆಳಗಿನ ನೀರಿಗೆ ಬದುವಿಲ್ಲ. ನಾನು ಹನಿಹನಿಯಾಗಿ ಉಳಿಸಿದ್ದನ್ನು ನೆರೆಯವನು ನನಗಿಂತ ನೂರು ಅಡಿ ಆಳಕ್ಕೆ ಕೊರೆದು ಎಳೆಯಬಹುದು. ಹತ್ತು ಅಶ್ವಶಕ್ತಿಯವರೆಗಿನ ಪಂಪುಗಳಿಗೆ ಕರ್ನಾಟಕದ ರೈತನು ವಿದ್ಯುತ್ತಿನ ಬೆಲೆಯನ್ನು ಕೊಡಬೇಕಾದದ್ದಿಲ್ಲ. ಆದಕಾರಣ ಎಳೆಯುವ ಕೈಯನ್ನು ಹಿಡಿಯುವದಕ್ಕೆ ಖರ್ಚಿನ ಭಯವೂ ಇಲ್ಲ. ಕೋಲಾರದ ಸೀಮೆಯಲ್ಲಿ ಸಾವಿರ ಅಡಿಗೂ ಹೆಚ್ಚು ಆಳಕ್ಕೆ ಕೊರೆದು, ಸಾಲವನ್ನು ತಲೆಯ ಮೇಲೆ ಹೊತ್ತು, ಬರೀ ಧೂಳನ್ನು ಕಂಡವರು ಎಷ್ಟೋ ಮಂದಿ. ಇಲ್ಲಿ ಒಬ್ಬನ ಮಿತವು ಇನ್ನೊಬ್ಬನ ಲಾಭವಾಗಿ ಹೋಗುವದು ನಿಜವೇ.

ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ಪಂಡಿತನು 1968ರಲ್ಲಿ ಇದೇ ಮಾತನ್ನು ಒಂದು ಗೋಮಾಳದ ದೃಷ್ಟಾಂತದಿಂದ ಹೇಳಿದನು. ಹುಲ್ಲು ಎಲ್ಲರದು, ದನ ತನ್ನದು. ಆದಕಾರಣ ಪ್ರತಿಯೊಬ್ಬನೂ ಇನ್ನೊಂದು ದನವನ್ನು ಬಿಡುವನು, ಕಡೆಗೆ ಹುಲ್ಲೂ ಇಲ್ಲ, ದನವೂ ಇಲ್ಲ ಎಂದು ಅವನು ವಾದಿಸಿದನು. ಓದಿದವರು ಅನೇಕರು ಇದನ್ನು ನಂಬಿ, ಹಳ್ಳಿಯವರಿಗೆ ಪೊದುವಾದದ್ದನ್ನು ಕಾಯುವ ಬುದ್ಧಿ ಇಲ್ಲವೆಂದು ತೀರ್ಮಾನಿಸಿದರು. ಆದರೆ ಎಲಿನಾರ್ ಆಸ್ಟ್ರಮ್ ಎಂಬ ಅದೇ ದೇಶದ ವಿದುಷಿಯು ಲೋಕದ ನಾನಾ ಹಳ್ಳಿಗಳ ಕಾಲುವೆ, ಕಾಡು, ಹುಲ್ಲುಗಾವಲುಗಳ ಕಟ್ಟಳೆಗಳನ್ನು ಪರಿಶೋಧಿಸಿ, 1990ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅದು ಹಾಗಲ್ಲವೆಂದು ತೋರಿಸಿದಳು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಬೆಟ್ಟದ ಹಳ್ಳಿಯವರು 1517ರಲ್ಲಿಯೇ ಒಂದು ನಿಯಮವನ್ನು ಬರೆದಿಟ್ಟಿದ್ದರು: ಚಳಿಗಾಲದಲ್ಲಿ ತನ್ನ ಕೊಟ್ಟಿಗೆಯಲ್ಲಿ ಮೇವು ಹಾಕಿ ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಒಬ್ಬನು ಊರಿನ ಹುಲ್ಲುಗಾವಲಿಗೆ ಬಿಡಬಹುದು, ಮೀರಿದವನಿಗೆ ದಂಡ. ಇಂಥ ಶೋಧನೆಗಾಗಿ ಆಸ್ಟ್ರಮಳಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವು ದೊರೆಯಿತು. ಆ ಶಾಸ್ತ್ರದಲ್ಲಿ ಅದನ್ನು ಪಡೆದ ಮೊದಲನೆಯ ಹೆಂಗಸು ಅವಳೇ.

ಇದನ್ನು ತಿಳಿಯಲು ನಾವು ಸ್ವಿಟ್ಜರ್ಲೆಂಡಿಗೆ ಹೋಗಬೇಕೋ? ನಮ್ಮ ಕೆರೆಗಳಿಗೆ ನೀರುಗಂಟಿ ಎಂಬವನಿದ್ದನು. ತೂಬನ್ನು ಎತ್ತುವ ಅಧಿಕಾರವು ಅವನದು. ಗದ್ದೆಯ ಒಡೆಯನಿಗೂ ಅದಿರಲಿಲ್ಲ. ಸರದಿಯಂತೆ ನೀರು ಬಿಟ್ಟು, ಕಣದಲ್ಲಿ ತನ್ನ ಪಾಲಿನ ಧಾನ್ಯವನ್ನು ತೆಗೆದುಕೊಳ್ಳುವನು. ಬೇಸಗೆಯಲ್ಲಿ ಹೂಳು ಹೊಲಕ್ಕೆ ಗೊಬ್ಬರವಾಗಿ ಹೋಗುವದು, ಕೆರೆಯ ಆಳ ಉಳಿಯುವದು. ಆ ಏರ್ಪಾಡಿನಲ್ಲಿ ಜಾತಿಯ ಅನ್ಯಾಯವು ಬಹಳವಿತ್ತು. ನಮ್ಮಲ್ಲಿ ಅನೇಕರ ಹಿರಿಯರು ಹೂಳು ಹೊತ್ತರು, ಆದರೆ ಅಚ್ಚುಕಟ್ಟಿನಲ್ಲಿ ಅವರಿಗೆ ಒಂದು ಗುಂಟೆಯೂ ಇರಲಿಲ್ಲ. ಅನ್ಯಾಯವನ್ನು ಬಿಟ್ಟು ಕಟ್ಟಳೆಯನ್ನು ಉಳಿಸಿಕೊಳ್ಳಬೇಕಾಗಿತ್ತು. ನಾವು ಎಷ್ಟೋ ಊರುಗಳಲ್ಲಿ ಕಟ್ಟಳೆಯನ್ನು ಬಿಟ್ಟು ಅನ್ಯಾಯವನ್ನು ಉಳಿಸಿಕೊಂಡೆವು.

ಈ ಕಾಲದಲ್ಲಿಯೂ ಇದು ಆಗಬಲ್ಲದು. ಮಹಾರಾಷ್ಟ್ರದಲ್ಲಿ, ಹಿಂದೆ ಅಹಮದನಗರವೆನ್ನಿಸಿಕೊಂಡ ಜಿಲ್ಲೆಯಲ್ಲಿ, ಹಿವರೆ ಬಜಾರ್ ಎಂಬ ಹಳ್ಳಿ ಇದೆ. ಮಳೆಯು ವರುಷಕ್ಕೆ 400 ಮಿಲ್ಲಿಮೀಟರಿನ ಆಸುಪಾಸು. ಜನರು ಕೂಲಿಗಾಗಿ ಊರು ಬಿಡುತ್ತಿದ್ದರು. 1990ರ ಸುಮಾರಿಗೆ ಪೋಪಟರಾವ್ ಪವಾರರು ಮುಖಂಡರಾದ ಮೇಲೆ ಊರವರು ಕೂಡಿ ಬದುಗಳನ್ನು ಕಟ್ಟಿದರು. ಅಷ್ಟಕ್ಕೇ ನಿಲ್ಲದೆ, ಬೇಸಾಯಕ್ಕೆ ಕೊಳವೆ ಬಾವಿಯನ್ನು ಕೊರೆಯಕೂಡದು, ಕಬ್ಬು ಬಾಳೆಯಂಥ ಹೆಚ್ಚು ನೀರಿನ ಬೆಳೆಯನ್ನು ಇಡಕೂಡದು ಎಂದು ಕಟ್ಟುಮಾಡಿದರು. ವರುಷವರುಷವೂ ಇರುವ ನೀರನ್ನು ಅಳೆದು, ಗ್ರಾಮಸಭೆಯಲ್ಲಿ ಲೆಕ್ಕವನ್ನು ಓದಿ, ಆ ಮೇಲೆ ಬೆಳೆಯನ್ನು ಗೊತ್ತುಮಾಡುವರು. ಬದುವು ನೀರನ್ನು ತಂದಿತು, ಕಟ್ಟುಪಾಡು ಅದನ್ನು ಉಳಿಸಿತು. ಇಂಥ ಸಂಗತಿಗಳಲ್ಲಿ ಮುದುಕನ ಪ್ರಶ್ನೆಯನ್ನು ತಿದ್ದಿ ಕೇಳಬೇಕು: "ನಾನೊಬ್ಬನು ಉಳಿಸಿದರೆ ಪ್ರಯೋಜನವಿಲ್ಲ, ಹಾಗಾದರೆ ಯಾರ ಸಂಗಡ ಕೂಡಿ ಉಳಿಸಲಿ?"

ಮೂರನೆಯದು, ಅಧಿಕಾರಿಗಳ ಕೈಯಲ್ಲಿರುವವು. ಇವುಗಳಲ್ಲಿ ಮನೆಯ ಮಿತವೂ ಊರಿನ ಕಟ್ಟಳೆಯೂ ಸಾಲವು. ಇದಕ್ಕೆ ಸಾಕ್ಷಿಯಾಗಿ ಬಯಲುಸೀಮೆಯನ್ನು ಬಿಟ್ಟು ಕಾಸರಗೋಡಿನ ಕಡೆಗೆ ನೋಡೋಣ. ಅದು ಈಗ ಕೇರಳದಲ್ಲಿದ್ದರೂ ಕನ್ನಡ ಮಾತಾಡುವವರು ಅಲ್ಲಿ ಬಹು ಮಂದಿ ಇದ್ದಾರೆ. ಅಲ್ಲಿಯ ಗುಡ್ಡಗಳ ಗೇರುತೋಟಗಳ ಮೇಲೆ 1970ರ ದಶಕದ ಕಡೆಯ ವರುಷಗಳಿಂದ 2000ದ ವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿದರು. ಗುಡ್ಡದ ಬುಡದಲ್ಲಿ ಮನೆಗಳು. ಗುಡ್ಡದೊಳಗೆ ಕೊರೆದ ಸುರಂಗಗಳಿಂದ ಬರುವ ನೀರೇ ಅನೇಕರ ಕುಡಿಯುವ ನೀರು. ಕೈಕಾಲು ತಿರುಚಿದ ಕರುಗಳು ಹುಟ್ಟಿದವು; ಬಳಿಕ ಅನೇಕ ಮನೆಗಳಲ್ಲಿ ಅಂಗವಿಕಲ ಮಕ್ಕಳೂ ಬುದ್ಧಿ ಬೆಳೆಯದ ಮಕ್ಕಳೂ ಕಂಡುಬಂದರು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಮೊದಲಾದ ಊರುಗಳಲ್ಲಿಯೂ ಇಂಥ ಸಂಕಟವುಂಟಾಯಿತು. ಆ ತಾಯಂದಿರು ಎಷ್ಟು ಮಿತವಾಗಿ ಬದುಕಿದರೆ ಆ ವಿಷವು ಮಾಡಿನ ಮೇಲೆ ಬೀಳದೆ ನಿಲ್ಲುತ್ತಿತ್ತು? ಇಲ್ಲಿ ಉಳಿಸಬೇಕಾದದ್ದು ಏನೂ ಇರಲಿಲ್ಲ, ಕೇಳಬೇಕಾದದ್ದು ಇತ್ತು.

ಕೇಳಿದವರು ದೊಡ್ಡವರಲ್ಲ. ಕೃಷಿಕರೂ ಪತ್ರಕರ್ತರೂ ಆದ ಶ್ರೀಪಡ್ರೆಯವರು ಆ ಕರುಗಳ ವರ್ತಮಾನವನ್ನು ಬರೆದರು. ಹಳ್ಳಿಯ ವೈದ್ಯರೊಬ್ಬರು, ಇಷ್ಟು ಚಿಕ್ಕ ಊರಿನಲ್ಲಿ ಇಷ್ಟು ರೋಗಗಳು ಯಾಕೆ ಎಂದು ಕೇಳಿದರು. ಪೆರಿಯ ಎಂಬ ಊರಿನ ಲೀಲಾಕುಮಾರಿ ಅಮ್ಮ ಎಂಬವರು ಕೃಷಿ ಇಲಾಖೆಯ ಸಾಧಾರಣ ಉದ್ಯೋಗಸ್ಥೆ. 1998ರಲ್ಲಿ ಅವರು ನ್ಯಾಯಾಲಯದ ಮೆಟ್ಟಲನ್ನು ಹತ್ತಿ, ಆಕಾಶದಿಂದ ವಿಷ ಸುರಿಯುವದಕ್ಕೆ ತಡೆಯನ್ನು ತಂದರು. 2011ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಆ ವಿಷದ ತಯಾರಿಕೆಯನ್ನೂ ಮಾರಾಟವನ್ನೂ ದೇಶದಲ್ಲೆಲ್ಲಾ ನಿಲ್ಲಿಸಿತು. 2017ರಲ್ಲಿ ಕೇರಳದ ಬಾಧಿತರಿಗೆ ಐದೈದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಜ್ಞಾಪಿಸಿತು. ತಿರುಚಿದ ಕೈಕಾಲುಗಳನ್ನು ಯಾವ ಆಜ್ಞೆಯೂ ನೆಟ್ಟಗೆ ಮಾಡಲಾರದು. ಆದರೂ ಒಬ್ಬರು ಕೇಳಿದರೆ ಏನು ಪ್ರಯೋಜನವೆಂದು ಅವರೆಲ್ಲಾ ಸುಮ್ಮನಿದ್ದಿದ್ದರೆ ಆ ಮಳೆಯು ಇನ್ನೆಷ್ಟು ವರುಷ ಸುರಿಯುತ್ತಿತ್ತೋ.

ವಾಚಕರೇ, ಈ ಮೂರನ್ನು ಬೆರಸಬಾರದು. ಪಟ್ಟಣದ ದುಂದುಗಾರಿಕೆಯನ್ನು ತೋರಿಸಿ ತನ್ನ ಹಿತ್ತಲಲ್ಲಿ ಸುಡುವವನು ಮೂರನೆಯದರಿಂದ ಮೊದಲನೆಯದಕ್ಕೆ ನೆಪ ಮಾಡಿಕೊಳ್ಳುತ್ತಾನೆ. ಬಟ್ಟೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡೆನು, ನನ್ನ ಕರ್ತವ್ಯವು ತೀರಿತು ಎನ್ನುವವನು ಮೊದಲನೆಯದರಿಂದ ಮೂರನೆಯದನ್ನು ತಪ್ಪಿಸಿಕೊಳ್ಳುತ್ತಾನೆ. ಈ ಎರಡನೆಯ ತಪ್ಪು ಓದಿದವರಲ್ಲಿ ಹೆಚ್ಚು. ಅದು ಒಳ್ಳೆಯತನದ ಬಟ್ಟೆಯನ್ನು ಉಟ್ಟುಕೊಂಡಿರುವದರಿಂದ ಹೆಚ್ಚು ಅಪಾಯವುಳ್ಳದ್ದು. ಇನ್ನು ನಮ್ಮಂಥ ಬೋಧಕರ ತಪ್ಪು ಮೂರನೆಯದು: ಎಲ್ಲರಿಗೂ ಹೇಳಿ, ತಟ್ಟೆಯನ್ನು ಮಾತ್ರ ಸಂತೆಯಿಂದ ತರಿಸುವದು. ಕಳ್ಳ ತೂಕವನ್ನು ಕೈಯಲ್ಲಿ ಹಿಡಿದವನು ಸಂತೆಯಲ್ಲಿ ನ್ಯಾಯ ಹೇಳಿದರೆ ಕೇಳುವವರು ಯಾರು? ಮನೆಯ ಮಿತಕ್ಕೆ ಬೇರೆ ಯಾವ ಫಲವಿಲ್ಲದಿದ್ದರೂ ಇದೊಂದು ಫಲವುಂಟು. ಊರಿನಲ್ಲಿಯೂ ಅಧಿಕಾರಿಗಳ ಮುಂದೆಯೂ ಬಾಯಿ ತೆರೆಯುವದಕ್ಕೆ ಅದು ಧೈರ್ಯವನ್ನು ಕೊಡುತ್ತದೆ.

ಆದಕಾರಣ ಒಂದು ಕೇಡು ಕಣ್ಣಿಗೆ ಬಿದ್ದಾಗ ಹೀಗೆ ಕೇಳಿಕೊಳ್ಳೋಣ. ಇದು ನನ್ನ ಬಾಗಿಲೊಳಗೆ ತೀರುವದೋ? ತೀರುವದಾದರೆ ಈ ಹೊತ್ತೇ ತೀರಿಸಲಿ. ನೆರೆಯವರನ್ನು ಕೂಡಿಸಬೇಕೋ? ಹಾಗಾದರೆ ಗ್ರಾಮಸಭೆಯ ದಿವಸವನ್ನು ಕೇಳಿ ತಿಳಿದು, ಗಂಡಸರೂ ಹೆಂಗಸರೂ ಹೋಗಿ ಕೂತುಕೊಳ್ಳಲಿ. ಬೆಳೆಯ ಮತ್ತು ನೀರಿನ ಬುದ್ಧಿಗೆ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕರೆಯಲಿ. ಅಧಿಕಾರಿಗಳನ್ನು ಕೇಳಬೇಕೋ? ಹಾಗಾದರೆ ಕಂಡದ್ದನ್ನು ದಿನಾಂಕ ಸಹಿತ ಬರೆದಿಟ್ಟು, ಹಲವರ ರುಜು ಹಾಕಿಸಿ, ಉತ್ತರ ಬರುವ ತನಕ ಕೇಳುತ್ತಲೇ ಇರಲಿ.

ಮರು ವರುಷದ ಸುಗ್ಗಿಯ ಕೂಟಕ್ಕೆ ಹದಿನೈದು ದಿವಸ ಮುಂಚೆ ನಾವು ಆ ಮುದುಕನ ಮನೆಗೆ ಹೋಗಿ, "ತಾತಾ, ಕಳೆದ ವರುಷ ತಪ್ಪು ಮಾಡಿದವರು ನಾವು" ಎಂದು ಹೇಳಿದೆವು. ಅವನು ಏನೂ ಅನ್ನಲಿಲ್ಲ. ಮಾರನೆಯ ದಿವಸ ತನ್ನ ಮಗನನ್ನು ಕರಕೊಂಡು ಹೋಗಿ ಮುತ್ತುಗದ ಎಲೆಗಳನ್ನು ತಂದನು. ಕೆಲವು ಮನೆಗಳ ಹೆಂಗಸರು ಕೂತು ಹಚ್ಚಿದರು. ಲೋಟಗಳನ್ನು ಮನೆಮನೆಯಿಂದ ಕೂಡಿಸಿದೆವು, ತೊಳೆಯುವದಕ್ಕೆ ಯೌವನಸ್ಥರು ನಿಂತರು. ಉಂಡ ಎಲೆಗಳು ತಿಪ್ಪೆಗೆ ಹೋದವು. ಆ ಸಾಯಂಕಾಲ ಹೊಗೆ ಏಳಲಿಲ್ಲ. ಎಲ್ಲರೂ ಹೊರಟ ಮೇಲೆ ಮುದುಕನು ನಮ್ಮ ಹತ್ತಿರ ಬಂದು, "ಎಲೆಯ ಮಾತು ಆಯಿತು ಅಯ್ಯನವರೇ. ಕೆರೆಯ ಮಾತು ಯಾವಾಗ?" ಎಂದು ಕೇಳಿದನು. ನಮ್ಮ ಊರಿನ ಗ್ರಾಮಸಭೆಗೆ ಕೊಡತಕ್ಕ ಅರ್ಜಿಯನ್ನು ಈಗ ಬರೆಯುತ್ತಿದ್ದೇವೆ. ಮೊದಲನೆಯ ಹೆಬ್ಬೆಟ್ಟು ಅವನದು.